ದೊಡ್ಡವರ ಬಯೋದಲ್ಲಿ ಮಕ್ಕಳ ಮಾತು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆಯ ಇನ್‌ಸ್ಟಾಗ್ರಾಂ, ಫೇಸ್‌ಬುಕ್, ವಾಟ್ಸಾಪ್ ಪ್ರೊಫೈಲುಗಳಲ್ಲಿ ಮೂವತ್ತು ದಾಟಿದವರೂ ತಮ್ಮನ್ನು ‘ಅಪ್ಪನ ಪ್ರಿನ್ಸೆಸ್’, ‘ಅಮ್ಮನ ಮುದ್ದಿನ ಪಾಪು’, ‘ಮಮ್ಮು ತಿಂದು ತಾಚಿ ಮಾಡೋ ಕೂಸು’ ಎಂದು ಬಯೋದಲ್ಲಿ, ಅಂದರೆ ಪ್ರೊಫೈಲಿನ ಪರಿಚಯದ ಸಾಲಿನಲ್ಲಿ, ಪರಿಚಯಿಸಿಕೊಳ್ಳುವುದು ಮಾಮೂಲು. ಹಾಗೆ ಬರೆದುಕೊಂಡವರು, ಅವರ ಮನೆಯವರು, ಕೆಲಸ ಹುಡುಕುತ್ತಿರುವವರು, ಅಂಗಡಿ ನಡೆಸುವವರು ಕೇಳುವ ಪ್ರಶ್ನೆಗಳು ಇವು. ಯಾರನ್ನೂ ಹಂಗಿಸುವುದು ಇಲ್ಲಿನ ಉದ್ದೇಶವಲ್ಲ.

ನನ್ನ ಬಯೋ, ನನ್ನ ಇಷ್ಟ. ‘ಅಪ್ಪನ ಪ್ರಿನ್ಸೆಸ್’ ಅಂತ ಬರೆದರೆ ಯಾರಿಗೇನು ನಷ್ಟ?

ಬೇರೆಯವರಿಗೆ ನಷ್ಟವಿಲ್ಲ. ಆದರೆ ಮುದ್ದಿನ ಹೆಸರು ಚೆಂದವಾಗುವುದು ಇನ್ನೊಬ್ಬರ ಬಾಯಲ್ಲಿ. ಅಜ್ಜಿ ‘ಬಾ ಕೂಸೆ’ ಅಂದರೆ ಆ ಮಾತಿನಲ್ಲಿ ಅಜ್ಜಿಯೂ ಇರುತ್ತಾರೆ, ನೀವೂ ಇರುತ್ತೀರಿ. ಅದೇ ಪದವನ್ನು ನಿಮಗೆ ನೀವೇ ಅಂಟಿಸಿಕೊಂಡು ಗುರುತಿಲ್ಲದವರ ಮುಂದೆ ನಿಂತಾಗ ಅಜ್ಜಿ ಅಲ್ಲಿರುವುದಿಲ್ಲ. ಓದುವವರಿಗೆ ನಿಮ್ಮ ವಿಷಯವಾಗಿ ಏನೂ ತಿಳಿಯುವುದೂ ಇಲ್ಲ.

ಇನ್ನೊಂದು ವಿಷಯ ಓದುವವರದು. ಬಯೋ ಬರೆಯುವಾಗ ಕಣ್ಣ ಮುಂದೆ ಇರುವವರು ಹತ್ತಿಪ್ಪತ್ತು ಗೆಳೆಯರು. ನೋಡುವವರು ಅವರಷ್ಟೇ ಅಲ್ಲ: ಕುವೆಂಪುನಗರದಲ್ಲಿ ಮನೆ ಬಾಡಿಗೆಗೆ ಕೊಡುವವರು, ಹೂಟಗಳ್ಳಿಯ ಕಾರ್ಖಾನೆಯಲ್ಲಿ ಅರ್ಜಿ ನೋಡುವವರು, ಸಂಬಂಧ ಬೆಳೆಸಲು ವಿಚಾರಿಸುವವರು, ನಿಮ್ಮ ವಿದ್ಯಾರ್ಥಿಗಳು, ನಿಮ್ಮ ಗಿರಾಕಿಗಳು, ಜೊತೆಗೆ ಹಣ ಕೀಳಲು ಕಾದಿರುವ ವಂಚಕರು. ಇನ್‌ಸ್ಟಾಗ್ರಾಂ ಖಾತೆಯನ್ನು ಪ್ರೈವೇಟ್ ಮಾಡಿದರೂ ಬಯೋ, ಹೆಸರು, ಪ್ರೊಫೈಲ್ ಚಿತ್ರ ಎಲ್ಲರಿಗೂ ಕಾಣುತ್ತವೆ. ಲಾಕ್ ಆಗುವುದು ಪೋಸ್ಟು, ಸ್ಟೋರಿಗಳಂಥವು ಮಾತ್ರ. ಹೆಚ್ಚಿನವರು ಎಡವುವುದೇ ಇಲ್ಲಿ.

ದೊಡ್ಡವರಿಗೆ ಹೀಗೆ ಬರೆಯಬೇಕು ಅನಿಸುವುದಾದರೂ ಯಾಕೆ?

ಕಾರಣ ಒಂದಲ್ಲ. ದುಂಡು ಮುಖ, ದೊಡ್ಡ ಕಣ್ಣು, ಉಬ್ಬಿದ ಕೆನ್ನೆ ಕಂಡರೆ ಮನುಷ್ಯರಿಗೆ ಜೋಪಾನ ಮಾಡುವ ಮನಸ್ಸು ಬರುತ್ತದೆ ಎಂದು ಆಸ್ಟ್ರಿಯಾದ ಪ್ರಾಣಿವರ್ತನಾ ವಿಜ್ಞಾನಿ ಕೊನ್ರಾಡ್ ಲೊರೆನ್ಸ್ 1943ರಲ್ಲೇ ಬರೆದಿದ್ದರು. ಜಪಾನಿನಲ್ಲಿ 1970ರ ದಶಕದಲ್ಲಿ ಶಾಲಾ ಹುಡುಗಿಯರ ಗುಂಡು ಗುಂಡು ಕೈಬರಹದ ಜೊತೆಗೆ ‘ಕವಾಯಿ’ ಎನ್ನುವ ಮುದ್ದು ಶೈಲಿ ಹರಡಿತು. 1974ರಲ್ಲಿ ಸ್ಯಾನ್ರಿಯೊ ಕಂಪನಿ ಹಲೋ ಕಿಟ್ಟಿ ಎಂಬ ಮುದ್ದು ಗೊಂಬೆ ಪಾತ್ರವನ್ನು ರೂಪಿಸಿತು. 1999ರಲ್ಲಿ ಅಲ್ಲಿನ ಮೊಬೈಲ್ ಸೇವೆಗೆ ಶಿಗೆತಾಕಾ ಕುರಿತಾ ಅವರ ತಂಡ 176 ಪುಟ್ಟ ಚಿತ್ರಗಳ ಇಮೋಜಿ ಗುಚ್ಛ ಮಾಡಿತು. ಅಲ್ಲಿಂದ ಬಂದ ರೂಢಿಗೆ ನಮ್ಮ ಮನೆಮಾತಿನ ಪುಟ್ಟ, ಚಿನ್ನು, ಬಂಗಾರಿ, ಪಾಪು ಸೇರಿಕೊಂಡವು.

ಇಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ತಮ್ಮ ಬಗ್ಗೆ ಬರೆಯಲು ಸಂಕೋಚವಾದಾಗಲೂ ಜನ ಮಗುವಿನ ಮಾತಿನ ಹಿಂದೆ ನಿಲ್ಲುತ್ತಾರೆ. ‘ನಾನು ಚೆನ್ನಾಗಿ ಹೊಲಿಯುತ್ತೇನೆ’ ಎಂದರೆ ಜಂಬ ಅಂದಾರು, ‘ನಾನೊಂದು ಪುಟ್ಟ ಪಾಪು’ ಎಂದರೆ ಯಾರೂ ಬೈಯುವುದಿಲ್ಲ. ಈ ಸಂಕೋಚ ಅರ್ಥವಾಗುವಂಥದ್ದು. ಆದರೆ ಅದರಿಂದ ಮರೆಯಾಗುವುದು ವರ್ಷಗಟ್ಟಲೆ ಕಲಿತ ಕಸುಬು, ಅದು ನಮಗೆ ಬೇಸರ. ಉಳಿದ ದೊಡ್ಡ ಪಾಲು ನಕಲು: ರೆಡಿಮೇಡ್ ಬಯೋ ಹಂಚುವ ಪುಟಗಳಿಂದ ಎತ್ತಿ ಅಂಟಿಸಿದ್ದು. ಹದಿನೇಳರಲ್ಲಿ ಅಂಟಿಸಿದ್ದು ಮೂವತ್ತಾದರೂ ಹಾಗೇ ಕೂತಿರುತ್ತದೆ.

ಬಯೋದಲ್ಲಿರುವ ಯಾವ ಸಾಲು ನಿಜವಾಗಿ ಅಪಾಯ?

‘ಫಸ್ಟ್ ಕ್ರೈ ಆನ್ 3 ಜೂನ್’, ‘ಕೇಕ್ ಮರ್ಡರ್ 12 ಆಗಸ್ಟ್’, ‘ವಿಶ್ ಮಿ ಆನ್’ ಅಂತ ಶುರುವಾಗುವ ಸಾಲುಗಳು. ಮುದ್ದಾಗಿ ಹೇಳಿದರೂ ಅದು ನಿಮ್ಮ ಹುಟ್ಟಿದ ದಿನಾಂಕ. ಅದರ ಪಕ್ಕದಲ್ಲಿ ಅಪ್ಪನ ಖಾತೆಗೆ ಟ್ಯಾಗ್, ಮನೆಯಲ್ಲಿ ಕರೆಯುವ ಹೆಸರು, ಊರಿನ ಹೆಸರು, ಓದಿದ ಕಾಲೇಜು ಇದ್ದರೆ ಒಂದೇ ಪರದೆಯಲ್ಲಿ ವಂಚಕನಿಗೆ ಬೇಕಾದ್ದೆಲ್ಲ ಸಿಕ್ಕಿತು.

ಅವನು ಅದನ್ನು ಬಳಸುವುದು ಎರಡು ದಾರಿಯಲ್ಲಿ. ಒಂದು, ಪಾಸ್‌ವರ್ಡು, ಪಿನ್ ಊಹಿಸುವುದು. ಯುಪಿಐ ಪಿನ್ ನಾಲ್ಕು ಅಥವಾ ಆರು ಅಂಕಿಯದ್ದು. 0306 ಎನ್ನುವಂಥ ದಿನ-ತಿಂಗಳ ಪಿನ್ ಇಟ್ಟವರು ಅದನ್ನು ಬಯೋದಲ್ಲೇ ಬರೆದಂತಾಯಿತು. ಎರಡನೆಯದು ಇನ್ನೂ ಕ್ರೂರ: ಮನೆಯವರಿಗೆ ಫೋನ್ ಮಾಡಿ ‘ನಿಮ್ಮ ಚಿನ್ನುಗೆ ಆಕ್ಸಿಡೆಂಟ್ ಆಗಿದೆ, ಆಸ್ಪತ್ರೆಗೆ ಈಗಲೇ ದುಡ್ಡು ಕಟ್ಟಬೇಕು’ ಎನ್ನುವುದು. ಮನೆಯೊಳಗಿನ ಹೆಸರನ್ನು ಹೊರಗಿನವನು ಹೇಳಿದಾಗ ಅಪ್ಪ ಅಮ್ಮ ಯೋಚಿಸಲು ನಿಲ್ಲುವುದಿಲ್ಲ. ಮಗಳು ಬೆಂಗಳೂರಿನಲ್ಲಿ, ಹೆತ್ತವರು ಮದ್ದೂರಿನಲ್ಲೋ ಕೆ.ಆರ್. ಪೇಟೆಯಲ್ಲೋ ಇದ್ದರಂತೂ ತಕ್ಷಣ ಖಚಿತಪಡಿಸಿಕೊಳ್ಳುವುದೂ ಕಷ್ಟ.

ಆದ್ದರಿಂದ ಮೊದಲು ತೆಗೆಯಬೇಕಾದ್ದು ‘ಪ್ರಿನ್ಸೆಸ್’ ಅಲ್ಲ, ದಿನಾಂಕ. ಆಮೇಲೆ ಮನೆಯವರ ಟ್ಯಾಗ್. ಫೇಸ್‌ಬುಕ್‌ನಲ್ಲಿ ಹುಟ್ಟಿದ ದಿನ, ವರ್ಷ ಎರಡಕ್ಕೂ ಬೇರೆ ಬೇರೆ ಗೌಪ್ಯತೆ ಇಡಬಹುದು. ಎರಡನ್ನೂ ‘ಓನ್ಲಿ ಮಿ’ ಮಾಡಿ. ಅದೇ ಅಂಕಿಗಳ ಪಿನ್ ಇದ್ದರೆ ಇವತ್ತೇ ಬದಲಿಸಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ದಾಟುವ ಮುಂಚೆ ತಡೆಹಿಡಿಯಲು ಸಮಯವೇ ಮುಖ್ಯ. ಮೈಸೂರು, ಮಂಡ್ಯ ಎರಡೂ ಕಡೆ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡುವ ಸೆನ್ ಪೊಲೀಸ್ ಠಾಣೆಗಳಿವೆ.

ತಮಾಷೆಗೆ ‘ವಯಸ್ಸು 4, ಇನ್ನೂ ಹಾಲು ಕುಡಿಯೋ ಕಂದ’ ಅಂತ ಬರೆದಿದ್ದೇನೆ. ಪರವಾಗಿಲ್ಲವೇ?

ಬೇಡ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಎರಡಕ್ಕೂ ಕನಿಷ್ಠ ವಯಸ್ಸು 13. ಅದಕ್ಕಿಂತ ಚಿಕ್ಕ ಮಗುವಿನ ಹೆಸರಲ್ಲಿ ಇನ್‌ಸ್ಟಾಗ್ರಾಂ ಖಾತೆ ಇದ್ದರೆ, ಹೆತ್ತವರು ಅಥವಾ ಮ್ಯಾನೇಜರ್ ನಡೆಸುತ್ತಿದ್ದಾರೆ ಎಂದು ಬಯೋದಲ್ಲಿ ಸ್ಪಷ್ಟವಾಗಿರಬೇಕು. ಯಾರಾದರೂ ನಿಮ್ಮ ಖಾತೆಯನ್ನು ‘13ಕ್ಕಿಂತ ಕಡಿಮೆ’ ಎಂದು ರಿಪೋರ್ಟ್ ಮಾಡಿದರೆ, ಪರಿಶೀಲಿಸುವವರಿಗೆ ಎದುರಿಗೆ ಕಾಣುವುದು ನೀವೇ ಬರೆದ ವಯಸ್ಸು. ಖಾತೆ ನಿಂತುಹೋದರೆ ಗುರುತಿನ ಚೀಟಿ ಕೊಟ್ಟು ವಯಸ್ಸು ತೋರಿಸಿ ಮರಳಿ ಪಡೆಯಬೇಕು. ಗುರುತಿನ ಚೀಟಿಯ ಹೆಸರಿಗೂ ಖಾತೆಯ ‘ಪಾಪು ಬೇಬಿ’ಗೂ ಹೊಂದಾಣಿಕೆ ಇಲ್ಲದಿದ್ದರೆ ಅಲ್ಲೊಂದು ಹೊಸ ತೊಡಕು.

ಇದಕ್ಕಿಂತ ದೊಡ್ಡದು ಬೇರೊಂದಿದೆ. ತನ್ನನ್ನು ಮಗು ಎಂದು ಕರೆದುಕೊಳ್ಳುವ ಖಾತೆಗಳನ್ನು ಕೆಟ್ಟ ಉದ್ದೇಶಕ್ಕೆ ಹುಡುಕುವವರಿದ್ದಾರೆ. ಆ ಗಮನ ನಿಮಗೂ ಬೇಡ, ನಿಮ್ಮ ಹಿಂಬಾಲಕರ ಪಟ್ಟಿಯಲ್ಲಿರುವ ನಿಜವಾದ ಮಕ್ಕಳಿಗೂ ಬೇಡ.

ನನ್ನ ನಿಜವಾದ ಹೆಸರೇ ಪುಟ್ಟಸ್ವಾಮಿ. ಇನ್ನೊಬ್ಬರದು ಮರಿಗೌಡ. ನಮ್ಮದೂ ಬಾಲಿಶ ಅನಿಸುತ್ತದೆಯೇ?

ಖಂಡಿತ ಇಲ್ಲ. ಪುಟ್ಟಸ್ವಾಮಿ, ಪುಟ್ಟಮ್ಮ, ಮರಿಗೌಡ, ಪಾಪಣ್ಣ, ಚಿಕ್ಕತಾಯಮ್ಮ ಇವೆಲ್ಲ ಈ ಸೀಮೆಯ ಗಟ್ಟಿ ಹೆಸರುಗಳು. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ ಸ್ಥಾನದಲ್ಲಿ ಕೂತವರ ಹೆಸರು ಪುಟ್ಟಪ್ಪ. ಕುವೆಂಪು ಅವರು ಎಳೆಯ ವಯಸ್ಸಿನಲ್ಲಿ ‘ಕಿಶೋರ ಚಂದ್ರವಾಣಿ’ ಎಂಬ ಕಾವ್ಯನಾಮ ಇಟ್ಟುಕೊಂಡಿದ್ದರು. ಆಮೇಲೆ ಅದನ್ನು ಬಿಟ್ಟರು, ಮನೆಯವರು ಇಟ್ಟ ಪುಟ್ಟಪ್ಪನನ್ನು ಬಿಡಲಿಲ್ಲ. ನಿಮ್ಮ ಹೆಸರನ್ನು ‘ಪಿ. ಸ್ವಾಮಿ’ ಎಂದು ಮರೆಮಾಚುವ ಅಗತ್ಯವಿಲ್ಲ.

ನನಗೆ ಗೊಂಬೆ, ಟೆಡ್ಡಿ, ಕಾರ್ಟೂನ್ ಇಷ್ಟ. ಇದನ್ನೂ ಬರೆಯಬಾರದೇ?

ಧಾರಾಳವಾಗಿ ಬರೆಯಿರಿ. ಇಷ್ಟಪಡುವ ವಸ್ತು ಮಕ್ಕಳದ್ದಾದ ಮಾತ್ರಕ್ಕೆ ಇಷ್ಟಪಡುವವರು ಮಕ್ಕಳಾಗುವುದಿಲ್ಲ. ದಸರೆಗೆ ಮನೆಯಲ್ಲಿ ಗೊಂಬೆ ಕೂರಿಸುವುದು ಮೈಸೂರಿನಲ್ಲಿ ಹಿರಿಯರೇ ಮುಂದೆ ನಿಂತು ಮಾಡುವ ಕೆಲಸ: ಮೆಟ್ಟಿಲು ಬೆಸ ಸಂಖ್ಯೆಯಲ್ಲಿರಬೇಕು, ಮೇಲೆ ಪಟ್ಟದ ಗೊಂಬೆ, ಕೆಳಗೆ ಸಂತೆ, ಮದುವೆ ಮನೆ, ತೋಟ. ‘ಗೊಂಬೆ ಅಂದ್ರೆ ಪ್ರಾಣ, ನಾನೇ ಒಂದು ಗೊಂಬೆ’ ಎನ್ನುವ ಬದಲು ‘ದಸರಾ ಗೊಂಬೆ, 9 ಮೆಟ್ಟಿಲು. ಹಳೆಯ ಪಟ್ಟದ ಗೊಂಬೆ ರಿಪೇರಿ ಕಲಿಯುತ್ತಿದ್ದೇನೆ’ ಎಂದು ಬರೆದು ನೋಡಿ. ಪ್ರೀತಿ ಅಷ್ಟೇ ಇದೆ, ಓದಿದವರಿಗೆ ಮಾತು ಮುಂದುವರಿಸಲು ದಾರಿಯೂ ಇದೆ.

ಸರಿ, ಬದಲಿಸುತ್ತೇನೆ. ಎಲ್ಲಿಂದ ಶುರು ಮಾಡಲಿ?

ವಾಟ್ಸಾಪ್‌ನಿಂದ. ಎಲ್ಲರೂ ಮರೆಯುವುದು ಇದನ್ನೇ. ನಿಮ್ಮ ನಂಬರ್ ಸೇವ್ ಮಾಡದವರಿಗೆ ಗುಂಪುಗಳಲ್ಲಿ ನೀವೇ ಹಾಕಿಕೊಂಡ ಹೆಸರು ಕಾಣುತ್ತದೆ, ಅದರ ಮೊದಲಿಗೊಂದು ಅಲೆಯ ಗೆರೆ (~) ಬರುತ್ತದೆ. ಮಗುವಿನ ಶಾಲೆಯ ಪೋಷಕರ ಗುಂಪು, ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಗುಂಪು, ಸಂಬಂಧಿಕರ ಮದುವೆ ಗುಂಪು, ಎಲ್ಲ ಕಡೆ ‘ಅಮ್ಮನ ರಾಜ್‌ಕುಮಾರಿ’ ಎಂದೇ ಮೆಸೇಜು ಹೋಗುತ್ತಿರುತ್ತದೆ. ಹೆಸರಿಗೆ ಇರುವ ಮಿತಿ 25 ಚಿಹ್ನೆ. ನಿಮ್ಮ ಹೆಸರು, ಬೇಕಾದರೆ ಇನಿಷಿಯಲ್, ಅಷ್ಟು ಸಾಕು. ಸೆಟ್ಟಿಂಗ್ಸ್‌ನ ಪ್ರೈವೆಸಿಯಲ್ಲಿ ‘ಅಬೌಟ್’, ‘ಪ್ರೊಫೈಲ್ ಫೋಟೊ’ ಎರಡನ್ನೂ ‘ಮೈ ಕಾಂಟ್ಯಾಕ್ಟ್ಸ್’ಗೆ ಇಡಿ.

ಆಮೇಲೆ ಇನ್‌ಸ್ಟಾಗ್ರಾಂ. ಅಲ್ಲಿ ಹೆಸರು ಬೇರೆ, ಯೂಸರ್‌ನೇಮ್ ಬೇರೆ, ಬಯೋ ಬೇರೆ. ಬಯೋಗೆ 150 ಚಿಹ್ನೆ. ಎಷ್ಟು ಸಲ ಬೇಕಾದರೂ ಬದಲಿಸಬಹುದು, ಹಿಂಬಾಲಕರಿಗೆ ಸೂಚನೆ ಹೋಗುವುದಿಲ್ಲ. ಹೆಸರನ್ನು ಮಾತ್ರ 14 ದಿನದಲ್ಲಿ ಎರಡೇ ಸಲ ಬದಲಿಸಲು ಸಾಧ್ಯ, ಆದ್ದರಿಂದ ಕಾಗುಣಿತ ನೋಡಿಕೊಂಡು ಒತ್ತಿ. ಫೇಸ್‌ಬುಕ್ ಬಯೋ ಇನ್ನೂ ಚಿಕ್ಕದು, 101 ಚಿಹ್ನೆ. ಹೆಸರು ಬದಲಿಸಿದರೆ ಮುಂದಿನ 60 ದಿನ ಮತ್ತೆ ಮುಟ್ಟುವಂತಿಲ್ಲ. ಎಕ್ಸ್‌ನಲ್ಲಿ ಬಯೋ 160. ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಕೆಳಗಿನ ಸಾಲಿಗೆ 220, ಕೆಲಸ ಹುಡುಕುವವರಿಗೆ ಬೇರೆಲ್ಲಕ್ಕಿಂತ ಮುಖ್ಯವಾದ ಸಾಲು ಅದು.

ಬರೆಯುವುದು ಏನನ್ನು?

ಮೂರು ಸಂಗತಿ: ಏನು ಮಾಡುತ್ತೀರಿ, ಎಲ್ಲಿ, ನಿಮಗೇ ಸೇರಿದ ಒಂದು ವಿವರ. ಮೂರನೆಯದು ಬೇಕೇ ಬೇಕು. ಅದಿಲ್ಲದಿದ್ದರೆ ಬಯೋ ಆಫೀಸ್ ಬೋರ್ಡಿನ ಹಾಗಾಗುತ್ತದೆ, ಆಗ ಮತ್ತೆ ‘ಕ್ಯೂಟ್’ ಸೇರಿಸುವ ಆಸೆ ಬರುತ್ತದೆ.

ಮಂಡ್ಯದಲ್ಲಿ ಹೊಲಿಗೆ ಮಾಡುವವರೊಬ್ಬರು ‘ಅಪ್ಪನ ಪ್ರಿನ್ಸೆಸ್, ಚಾಕಲೇಟ್ ಹುಚ್ಚಿ, ಫಸ್ಟ್ ಕ್ರೈ 3 ಜೂನ್’ ಎಂದು ಬರೆದುಕೊಂಡಿದ್ದಾರೆ ಅಂದುಕೊಳ್ಳಿ. ಅದನ್ನು ಹೀಗೆ ಮಾಡಬಹುದು: ‘ಮಂಡ್ಯದ ಗುತ್ತಲು ರಸ್ತೆಯಲ್ಲಿ ಬ್ಲೌಸ್ ಹೊಲಿಗೆ, ಆರಿ ವರ್ಕ್. ಮದುವೆ ಆರ್ಡರ್‌ಗೆ 20 ದಿನ ಮುಂಚೆ ತಿಳಿಸಿ. ಭಾನುವಾರ ರಜೆ.’ ಇದು 150ರೊಳಗೆ ಆರಾಮಾಗಿ ಕೂರುತ್ತದೆ. ‘ಎಷ್ಟು ದಿನ ಬೇಕು?’, ‘ಭಾನುವಾರ ಬರಲಾ?’ ಎಂದು ಬರುವ ಮೆಸೇಜುಗಳೂ ಕಡಿಮೆಯಾಗುತ್ತವೆ.

‘ಮಮ್ಮು ತಿಂದು ತಾಚಿ ಮಾಡೋ ಕೂಸು’ ಎಂದಿರುವವರು ನರ್ಸ್ ಆಗಿದ್ದರೆ: ‘ನರ್ಸ್, ಮೈಸೂರು. ರಜೆ ಸಿಕ್ಕಾಗ ಹಕ್ಕಿ ನೋಡುವುದು.’ ಆಸ್ಪತ್ರೆಯ ಹೆಸರು ಬೇಕಿಲ್ಲ. ಯಾವ ಹೊತ್ತಿಗೆ ಯಾವ ದಾರಿಯಲ್ಲಿ ಒಬ್ಬರೇ ಇರುತ್ತೀರಿ ಎಂಬುದಂತೂ ಬೇಡವೇ ಬೇಡ.

ಕೆಲಸವಿಲ್ಲದವರು, ಮನೆ ನೋಡಿಕೊಳ್ಳುವವರು ‘ಹೌಸ್‌ವೈಫ್ ಅಷ್ಟೇ’ ಎನ್ನಲು ಹಿಂಜರಿದು ಪಾಪು-ಪುಟ್ಟಿಗೆ ಹೋಗುವುದು ಬಹಳ. ದಿನವೂ ಮಾಡುವುದನ್ನೇ ಬರೆಯಿರಿ: ‘ಶ್ರೀರಂಗಪಟ್ಟಣ. ಇಬ್ಬರು ಮಕ್ಕಳು, ತಾರಸಿ ತೋಟ. ಸೊಪ್ಪಿನ ಬೀಜ ಹಂಚಿಕೊಳ್ಳುತ್ತೇನೆ.’ ಇದಕ್ಕಿಂತ ಗೌರವದ ಪರಿಚಯ ಬೇಕಿಲ್ಲ.

ಬರೆದಾದ ಮೇಲೆ ಗಟ್ಟಿಯಾಗಿ ಓದಿ. ನಿಮಗೆ ಹೊಸಬರಾದ ಹಿರಿಯರೊಬ್ಬರ ಎದುರು ನಿಂತು ‘ನಾನು...’ ಎಂದು ಶುರುಮಾಡಿ ಅದೇ ಮಾತು ಹೇಳಲು ಆಗುತ್ತದೆಯೇ? ಆದರೆ ಇಟ್ಟುಕೊಳ್ಳಿ.

ಕನ್ನಡದಲ್ಲಿ ಬರೆದರೆ ಬೇಗ ಜಾಗ ಮುಗಿಯುತ್ತದೆ. ಯಾಕೆ?

ನಾವು ಒಂದು ಅಕ್ಷರ ಎಂದು ಓದುವುದನ್ನು ಯೂನಿಕೋಡ್, ಅಂದರೆ ಫೋನು, ಕಂಪ್ಯೂಟರುಗಳು ಅಕ್ಷರಗಳಿಗೆ ಬಳಸುವ ಸಂಕೇತ ಪದ್ಧತಿ, ಬಿಡಿ ಬಿಡಿಯಾಗಿ ಎಣಿಸುತ್ತದೆ. ‘ಮೈಸೂರು’ ಕಣ್ಣಿಗೆ ಮೂರು ಅಕ್ಷರ, ಲೆಕ್ಕಕ್ಕೆ ಆರು: ಪ್ರತಿ ಸ್ವರಚಿಹ್ನೆಯೂ ಬೇರೆ. ‘ಮಂಡ್ಯ’ ಎರಡಲ್ಲ, ಐದು: ಮ, ಸೊನ್ನೆ, ಡ, ವಿರಾಮ ಚಿಹ್ನೆ, ಯ. ‘ಶ್ರೀರಂಗಪಟ್ಟಣ’ 12. ಹೀಗಾಗಿ 150 ಚಿಹ್ನೆಯಲ್ಲಿ ಸುಮಾರು 15ರಿಂದ 20 ಕನ್ನಡ ಪದಗಳನ್ನು ನೆಚ್ಚಬಹುದು. ‘ಮುದ್ದೂಊಊಊ’ ಎಂದು ಎಳೆದ ಒಂದೊಂದು ಊಕಾರವೂ ಅದೇ ಲೆಕ್ಕಕ್ಕೆ ಸೇರುತ್ತದೆ. ಅಂಥದ್ದನ್ನು ತೆಗೆದರೆ ನಿಮ್ಮ ಊರಿನ ಹೆಸರಿಗೆ ಜಾಗ ಸಿಗುತ್ತದೆ.

ಇಂಗ್ಲಿಷ್ ಹೆಸರಿಗೆ ಬಳ್ಳಿ ಬಳ್ಳಿ ಅಕ್ಷರ, ಸುತ್ತ ಚಿಟ್ಟೆ, ಕಿರೀಟ ಹಾಕಿದ್ದೇನೆ. ತೊಂದರೆಯೇ?

ಹೌದು. ಆ ಬಳ್ಳಿ ಅಕ್ಷರಗಳು ಫಾಂಟ್ ಅಲ್ಲ, ಹೆಚ್ಚಿನವು ಗಣಿತಕ್ಕೆಂದು ಯೂನಿಕೋಡ್‌ನಲ್ಲಿ ಇಟ್ಟಿರುವ ಬೇರೆಯೇ ಚಿಹ್ನೆಗಳು. ಮಾಮೂಲು ಅಕ್ಷರದಲ್ಲಿ ಹುಡುಕಿದವರಿಗೆ ನೀವು ಸಿಗದೆ ಹೋಗಬಹುದು. ಹಳೆಯ ಫೋನುಗಳಲ್ಲಿ ಬರೀ ಚೌಕ ಕಾಣುತ್ತದೆ. ಕಣ್ಣು ಕಾಣದವರು ಬಳಸುವ ಟಾಕ್‌ಬ್ಯಾಕ್, ವಾಯ್ಸ್‌ಓವರ್ ಅವನ್ನು ಒಂದೊಂದೇ ಚಿಹ್ನೆಯಾಗಿ ಓದುತ್ತವೆ ಅಥವಾ ಬಿಟ್ಟುಬಿಡುತ್ತವೆ. ಸಾಲಾಗಿ ಏಳು ಚಿಟ್ಟೆ ಇದ್ದರೆ ‘ಚಿಟ್ಟೆ’ ಎಂದು ಏಳು ಸಲ ಕೇಳಿಸಿಕೊಂಡ ಮೇಲೆ ನಿಮ್ಮ ಹೆಸರು ಬರುತ್ತದೆ. ಒಂದು ಇಮೋಜಿ ಸಾಕು, ಅದೂ ಸಾಲಿನ ಕೊನೆಗೆ.

ನನ್ನದು ಮಕ್ಕಳ ಬಟ್ಟೆ ಅಂಗಡಿ. ಮುದ್ದು ಭಾಷೆ ನಡೆಯುತ್ತದೆಯೇ?

ಪೋಸ್ಟಿನಲ್ಲಿ ನಡೆಯುತ್ತದೆ, ಪರಿಚಯದಲ್ಲಿ ಬೇಡ. ಕೊಳ್ಳುವವರು ದೊಡ್ಡವರು, ಅವರಿಗೆ ಬೇಕಾದ್ದು ಅಳತೆ, ಬಟ್ಟೆಯ ಬಗೆ, ಬದಲಿಸಿಕೊಡುತ್ತೀರೋ ಇಲ್ಲವೋ ಎನ್ನುವುದು. ಇನ್‌ಸ್ಟಾಗ್ರಾಂ ಹುಡುಕಾಟದಲ್ಲಿ ಹೆಸರಿನ ಜಾಗ ಮುಖ್ಯವಾದ್ದರಿಂದ ಅಲ್ಲಿ ‘ಮಕ್ಕಳ ಬಟ್ಟೆ ಮೈಸೂರು’ ಎನ್ನುವಂಥ ಪದಗಳಿರಲಿ.

ಇನ್‌ಸ್ಟಾಗ್ರಾಂ ಯೂಸರ್‌ನೇಮ್ ಬದಲಿಸಿದರೆ ಏನೇನು ಕೆಡುತ್ತದೆ?

ಹಳೆಯ ಹೆಸರಿನ ಲಿಂಕ್ ಕೆಲಸ ಮಾಡುವುದಿಲ್ಲ. ವಿಸಿಟಿಂಗ್ ಕಾರ್ಡು, ಅಂಗಡಿಯ ಕ್ಯೂಆರ್ ಕೋಡು, ಬೇರೆಯವರು ನಿಮ್ಮನ್ನು ಉಲ್ಲೇಖಿಸಿದ ಹಳೆಯ ಬರಹ ಎಲ್ಲವೂ ದಾರಿ ತಪ್ಪುತ್ತವೆ. ಹಿಂಬಾಲಕರು, ಪೋಸ್ಟುಗಳು ಹಾಗೇ ಉಳಿಯುತ್ತವೆ. ಮನಸ್ಸು ಬದಲಾದರೆ ಸಾಮಾನ್ಯವಾಗಿ 14 ದಿನದೊಳಗೆ ಹಳೆಯ ಹೆಸರಿಗೆ ಮರಳಬಹುದು, ಆಮೇಲೆ ಅದನ್ನು ಬೇರೆಯವರು ತೆಗೆದುಕೊಳ್ಳಬಹುದು. ಹೊಸ ಹೆಸರನ್ನು ಒಂದು ಸ್ಟೋರಿಯಲ್ಲಿ ತಿಳಿಸಿ, ಅದೇ ದಿನ ಕ್ಯೂಆರ್ ಹೊಸದಾಗಿ ಮುದ್ರಿಸಿ.

ಇಮೇಲ್ ವಿಳಾಸವೂ ‘ಕ್ಯೂಟಿಪೈ’ ಆಗಿದ್ದರೆ ಸ್ವಂತ ಹೆಸರಿನ ಹೊಸದೊಂದನ್ನು ತೆರೆದು, ಹಳೆಯದರ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಹಾಕಿ. ಹಳೆಯದನ್ನು ಮುಚ್ಚಬೇಡಿ: ಬ್ಯಾಂಕ್, ಆಧಾರ್, ಪರೀಕ್ಷೆಯ ಅರ್ಜಿಗಳು ಅದಕ್ಕೇ ಜೋಡಿಸಿರುತ್ತವೆ.

ವಿದೇಶಕ್ಕೆ ಓದಲು ಹೋಗುವವರಿಗೆ ಇದು ಅಡ್ಡಿಯಾಗುತ್ತದೆಯೇ?

ಮುದ್ದು ಪದಗಳಿಂದ ವೀಸಾ ತಪ್ಪುವುದಿಲ್ಲ, ಮುಚ್ಚಿಟ್ಟರೆ ತೊಂದರೆ. ಅಮೆರಿಕದ ವೀಸಾ ಅರ್ಜಿಯಲ್ಲಿ ಹಿಂದಿನ ಐದು ವರ್ಷ ಬಳಸಿದ ಸಾಮಾಜಿಕ ಜಾಲತಾಣದ ಹೆಸರುಗಳನ್ನು 2019ರಿಂದ ಕೇಳುತ್ತಿದ್ದಾರೆ. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾದವರು ಖಾತೆಗಳನ್ನು ಪಬ್ಲಿಕ್ ಇಡಬೇಕೆಂಬ ಸೂಚನೆಯೂ ಇದೆ. ಯೂಸರ್‌ನೇಮ್ ‘ಪಾಪು’ ಎಂದಿದ್ದರೆ ನಾಚಿಕೆಯಾದರೂ ಹಾಗೇ ಬರೆಯಬೇಕು. ಅರ್ಜಿ ಕೈಯಲ್ಲಿದ್ದಾಗ ಹೆಸರು ಬದಲಿಸುವ ಗೋಜಿಗೆ ಹೋಗಬೇಡಿ.

‘ಅಮ್ಮನ ಮುದ್ದಿನ ಮಗ, ಸಿಂಗಲ್ ಸಿಂಹ’ ಎನ್ನುವ ಗಂಡಸರಿಗೆ ಯಾಕೆ ಯಾರೂ ಹೇಳುವುದಿಲ್ಲ?

ಹೇಳಬೇಕು. ಹೆಂಗಸರ ಬಯೋ ನೋಡಿ ನಗುವವರು ಗಂಡಸರದ್ದನ್ನು ‘ಹುಡುಗಾಟ’ ಎಂದು ಬಿಟ್ಟುಬಿಡುವುದು ಅನ್ಯಾಯ. ಸಿಂಹ, ಹುಲಿ, ಬಾಸ್ ಎನ್ನುವುದೂ ಪಾಪು ಎನ್ನುವುದರ ಮಗ್ಗುಲಲ್ಲೇ ಇದೆ: ಎರಡರಲ್ಲೂ ಆ ಮನುಷ್ಯ ಯಾರೆಂದು ತಿಳಿಯುವುದಿಲ್ಲ. ಮೇಲಿನ ಸಲಹೆಗಳೆಲ್ಲ ಅವರಿಗೂ ಸೇರಿದ್ದು.

ಮುದ್ದು ಮಾತನ್ನು ಪೂರ್ತಿ ಬಿಡಲು ಮನಸ್ಸಿಲ್ಲ.

ಬಿಡಬೇಡಿ, ಜಾಗ ಬದಲಿಸಿ. ಇನ್‌ಸ್ಟಾಗ್ರಾಂನ ‘ಕ್ಲೋಸ್ ಫ್ರೆಂಡ್ಸ್’ ಪಟ್ಟಿ ಇರುವುದೇ ಇದಕ್ಕೆ. ಒಂದೇ ಆ್ಯಪ್‌ನಲ್ಲಿ ಐದು ಖಾತೆವರೆಗೆ ಇಟ್ಟುಕೊಳ್ಳಬಹುದು. ಆಪ್ತರಿಗೆ ಮಾತ್ರ ಒಂದು ಪ್ರೈವೇಟ್ ಖಾತೆ ಮಾಡಿ, ಅದರ ಬಯೋ ಖಾಲಿ ಬಿಡಿ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನೀವು ಚಿನ್ನು, ಬಂಗಾರಿ ಆಗಿಯೇ ಇರಿ.

ತಂಗಿಗೆ, ಸ್ನೇಹಿತರಿಗೆ ನೋವಾಗದಂತೆ ಹೇಗೆ ಹೇಳುವುದು?

ಗುಂಪಿನಲ್ಲಿ ಹೇಳಬೇಡಿ, ಸ್ಕ್ರೀನ್‌ಶಾಟ್ ಹಂಚಬೇಡಿ. ‘ಚೈಲ್ಡಿಶ್’ ಎನ್ನುವ ಮಾತನ್ನೇ ಎತ್ತಬೇಡಿ. ಅಪಾಯದ ಸಾಲು ಇದ್ದರೆ ಅದನ್ನಷ್ಟೇ ತೋರಿಸಿ: ‘ಪುಟ್ಟಿ, ನಿನ್ ಹುಟ್ಟಿದ್ ದಿನ, ಅಪ್ಪನ ಹೆಸ್ರು ಎರಡೂ ಎಲ್ರಿಗೂ ಕಾಣ್ತಾ ಅದೆ ಕಣವ್ವ, ತೆಗ್ದುಬಿಡು.’ ಅವಳು ತೆಗೆದ ಮೇಲೆ, ಕೇಳಿದರೆ ಮಾತ್ರ, ಹೊಸ ಸಾಲು ಬರೆಯಲು ಜೊತೆಗೆ ಕೂರಿ. ಇನ್ನೊಬ್ಬ ಗೆಳತಿಯ ಬಯೋದಲ್ಲಿ ದಿನಾಂಕವಿಲ್ಲ, ಟ್ಯಾಗ್ ಇಲ್ಲ, ಬರೀ ‘ಅಪ್ಪನ ಮಗಳು’ ಎಂದಿದೆ. ಅವಳು ಇತ್ತೀಚೆಗೆ ತಂದೆಯನ್ನು ಕಳೆದುಕೊಂಡಿದ್ದಾಳೆ ಅಂದುಕೊಳ್ಳಿ. ಆಗ ಏನೂ ಹೇಳಬೇಡಿ.

ಬಯೋ ಬದಲಿಸಿದ ಮೇಲೂ ಗೂಗಲ್‌ನಲ್ಲಿ ಹಳೆಯದೇ ಕಾಣುತ್ತಿದೆ.

ಗೂಗಲ್ ನಿಮ್ಮ ಪುಟವನ್ನು ಮತ್ತೆ ನೋಡುವವರೆಗೂ ಹಳೆಯ ಸಾಲನ್ನೇ ತೋರಿಸುತ್ತದೆ. ಕಾಯಲು ಆಗದಿದ್ದರೆ ಗೂಗಲ್‌ನ ‘ರಿಫ್ರೆಶ್ ಔಟ್‌ಡೇಟೆಡ್ ಕಂಟೆಂಟ್’ ಪುಟಕ್ಕೆ ಹೋಗಿ, ಪ್ರೊಫೈಲ್ ವಿಳಾಸ ಕೊಟ್ಟು, ಈಗ ಅಲ್ಲಿ ಇಲ್ಲದ ಹಳೆಯ ಪದವೊಂದನ್ನು ನಮೂದಿಸಿ ಕೋರಿಕೆ ಸಲ್ಲಿಸಿ. ಇನ್‌ಸ್ಟಾಗ್ರಾಂನ ಪ್ರೊಫೆಷನಲ್ ಖಾತೆ ಇರುವ ವಯಸ್ಕರ ಸಾರ್ವಜನಿಕ ಪೋಸ್ಟುಗಳು 2025ರ ಜುಲೈನಿಂದ ಹುಡುಕಾಟದಲ್ಲಿ ಬರುತ್ತಿವೆ. ಬೇಡವಾದರೆ ಅಕೌಂಟ್ ಪ್ರೈವೆಸಿಯಲ್ಲಿ ಅದಕ್ಕಿರುವ ಗುಂಡಿಯನ್ನು ಆಫ್ ಮಾಡಿ; ಹಳೆಯ ಪೋಸ್ಟುಗಳ ಕ್ಯಾಪ್ಷನ್‌ನಲ್ಲಿ ಹುಟ್ಟಿದ ದಿನಾಂಕ ಉಳಿದಿದ್ದರೆ ಅದನ್ನು ಕೈಯಾರೆ ತಿದ್ದಬೇಕು.